ಹಗುರಾದ ವಾದ್ಯ, ಭಾರವಾದ ದಂಡಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಇತಿಹಾಸವನ್ನೂ ಹಿರಿಯರ ತ್ಯಾಗವನ್ನೂ ಬರೆಯಬಲ್ಲ ಸಮರ್ಥರು ಅನೇಕರಿದ್ದಾರೆಂದು ತಿಳಿದು, ನಾನು ಒಂದು ಪಾಠವನ್ನೇ ಬರೆದುಕೊಡುವುದಾಗಿ ಒಪ್ಪಿಕೊಂಡೆ. ಏಳನೆಯ ಇಯತ್ತೆಯ ಸಾಮಾನ್ಯ ವಿಜ್ಞಾನದಲ್ಲಿ ‘ಸರಳ ಯಂತ್ರಗಳು’ ಎಂಬ ಪಾಠವಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಸನ್ನೆ, ಆನಿಕೆ, ಭಾರ, ಬಲ ಎಂಬ ನಾಲ್ಕು ಶಬ್ದಗಳನ್ನು ಬಾಯಿಪಾಠ ಮಾಡಿ, ಕತ್ತರಿ, ಅಡಕೊತ್ತು, ಚಿಮಟಿಗೆಗಳ ಚಿತ್ರ ಬರೆದು ಮುಗಿಸುತ್ತಿದ್ದ ಪಾಠವದು. ಅದೇ ಪಾಠವನ್ನು ಈಗ ಒಂದು ಹೊಸ ವಸ್ತುವಿನ ನಿಮಿತ್ತ ಮತ್ತೊಮ್ಮೆ ಹೇಳುತ್ತಿದ್ದೇನೆ. ಆ ವಸ್ತು ಕಾರ್ಬನ್ ಫೈಬರಿನಿಂದ ಮಾಡಿದ ಗಿಟಾರ್.

ನಾನು ಸಂಗೀತಗಾರನಲ್ಲ. ಭಜನೆಯಲ್ಲಿ ತಾಳ ತಪ್ಪದಂತೆ ಚಪ್ಪಾಳೆ ಹಾಕುವುದಷ್ಟೇ ನನ್ನ ಸಂಗೀತ. ಆದರೆ ಪುಣೆಯಲ್ಲಿ ನೌಕರಿಯಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ನನಗೊಂದು ಪ್ರಶ್ನೆಯನ್ನು ಕಳುಹಿಸಿದರು. ಅವರ ಮಗಳಿಗೆ ಹದಿಮೂರು ವರ್ಷ, ಗಿಟಾರ್ ಕಲಿಯುತ್ತಿದ್ದಾಳೆ. ಮರದ ವಾದ್ಯವು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಟ್ಟಿತೆಂದು, ಹಣ ಕೂಡಿಸಿ, ಹವೆಗೆ ಜಗ್ಗದ ಹಗುರಾದ ಕಾರ್ಬನ್ ಗಿಟಾರ್ ಒಂದನ್ನು ತೆಗೆದುಕೊಟ್ಟರು. ಎರಡು ತಿಂಗಳಲ್ಲಿ ಹುಡುಗಿಯ ಎಡಗೈ ಹೆಬ್ಬೆರಳೂ ಮಣಿಕಟ್ಟೂ ನೋಯಲಾರಂಭಿಸಿದವು. ಕಲಿಸುವವರು, “ನಿನ್ನ ಹಿಡಿತವೇ ಸರಿಯಿಲ್ಲ, ಈ ಕೈಗೆ ಈ ವಾದ್ಯ ಒಗ್ಗದು” ಎಂದರಂತೆ. ಹುಡುಗಿ ಅಳುತ್ತ ವಾದ್ಯವನ್ನು ಚೀಲದಲ್ಲಿ ಕಟ್ಟಿಟ್ಟಳು. ತಂದೆ ಬರೆದ ಮಾತು ಇಷ್ಟು: “ಗುರುಜಿ, ಮೊದಲಿನದಕ್ಕಿಂತ ಅರ್ಧ ಕಿಲೋ ಹಗುರ ಅದ. ಹಗುರಾದ ಮ್ಯಾಲ ಕೈನೋವು ಕಡಿಮಿ ಆಗಬೇಕಿತ್ತು, ಹೆಚ್ಚಾಗ್ಯಾದ. ಇದೆಂಥಾ ಲೆಕ್ಕ?”

ಪ್ರಶ್ನೆ ನ್ಯಾಯವಾದದ್ದು. ದೀಪಾವಳಿಗೆ ಊರಿಗೆ ಬಂದಾಗ ವಾದ್ಯವನ್ನೂ ತರುವಂತೆ ಹೇಳಿದೆ. ಅದನ್ನು ತೂಗಿ, ಅಳೆದು, ಬೇಕಾದುದನ್ನು ಓದಿ ತಿಳಿದುಕೊಂಡು ಬರೆದ ಉತ್ತರವೇ ಈ ಪಾಠ.

ಮೊದಲು ಹೆಸರುಗಳನ್ನು ಗೊತ್ತುಮಾಡಿಕೊಳ್ಳೋಣ. ಗಿಟಾರಿನ ಭಾಗಗಳಿಗೆ ಇಂಗ್ಲಿಷ್ ಹೆಸರುಗಳನ್ನು ಹುಡುಕಬೇಕಾದ ಅಗತ್ಯವಿಲ್ಲ. ವೀಣೆ ತಂಬೂರಿಗಳ ಶಬ್ದಗಳು ನಮ್ಮಲ್ಲಿ ಸಿದ್ಧವಾಗಿಯೇ ಇವೆ. ನಾದ ಹುಟ್ಟುವ ಪೊಳ್ಳು ಪೆಟ್ಟಿಗೆ ಅದರ ಒಡಲು. ಒಡಲಿನಿಂದ ಹೊರಟ ಉದ್ದನೆಯ ಭಾಗ ದಂಡಿ. ದಂಡಿಯ ಮೇಲೆ ಅಡ್ಡಲಾಗಿರುವ ಲೋಹದ ಗೆರೆಗಳು ಮೆಟ್ಟುಗಳು. ಒಡಲಿನ ಮೇಲೆ ತಂತಿಗಳನ್ನು ಹೊತ್ತು ನಿಂತದ್ದು ಕುದುರೆ. ದಂಡಿಯ ತುದಿಯಲ್ಲಿರುವುದು ತಲೆ. ಅಲ್ಲಿ ತಂತಿಗಳನ್ನು ಬಿಗಿಯುವ ಆರು ಬಿರಡೆಗಳು. ವೀಣೆಯ ಬಿರಡೆ ಮರದ್ದು. ಗಿಟಾರಿನ ಬಿರಡೆ ಹಲ್ಲುಚಕ್ರವುಳ್ಳ ಲೋಹದ ಯಂತ್ರ. ಈ ಒಂದು ಭೇದವನ್ನು ಓದುಗರು ಗಮನದಲ್ಲಿಡಬೇಕು.

ಇನ್ನು ನಮ್ಮ ರೈತರ ಮನೆಯ ಒಂದು ತಿಳಿವಳಿಕೆ. ಬಂಡಿಗೆ ಹೇರು ಹಾಕುವಾಗ ಹಿರಿಯರು ‘ಮುಂಭಾರ’, ‘ಹಿಂಭಾರ’ ಎಂಬ ಮಾತುಗಳನ್ನು ಆಡುತ್ತಾರೆ. ಕಬ್ಬಿನ ಹೇರು ಅಚ್ಚಿನ ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲಕ್ಕೆದ್ದು, ಕೊರಳಿಗೆ ಕಟ್ಟಿದ ಜತ್ತಿಗೆ ಬಿಗಿಯುತ್ತದೆ. ಹೇರು ಎಷ್ಟು ಮಣ ಎಂಬುದಕ್ಕಿಂತ ಅದು ಅಚ್ಚಿನ ಯಾವ ಮಗ್ಗುಲಿಗಿದೆ ಎಂಬುದನ್ನೇ ಎತ್ತಿನ ಹೆಗಲು ಮೊದಲು ಅರಿಯುತ್ತದೆ. ಸಣ್ಣ ಹೇರನ್ನು ಮೂಕಿಯ ಕಡೆಗೆ ಒಟ್ಟಿದ ಬಂಡಿ, ದೊಡ್ಡ ಹೇರನ್ನು ಸಮವಾಗಿ ಒಟ್ಟಿದ ಬಂಡಿಗಿಂತ ಎತ್ತಿಗೆ ಹೆಚ್ಚು ನೋವು ಕೊಡಬಲ್ಲದು. ಸಕ್ಕರೆ ಕಾರಖಾನೆಯ ದಾರಿಯಲ್ಲಿ ಹೆಗಲು ಹುಣ್ಣಾದ ಎತ್ತುಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕುಳಿತು ನುಡಿಸುವ ಗಿಟಾರನ್ನು ಹೀಗೆಯೇ ಕಲ್ಪಿಸಿಕೊಳ್ಳಿರಿ. ಒಡಲಿನ ಸೊಂಟವು ತೊಡೆಯ ಮೇಲೆ ಕೂರುವ ಸ್ಥಳವೇ ಅಚ್ಚು, ಅರ್ಥಾತ್ ಆನಿಕೆ. ದಂಡಿಯೇ ಮೂಕಿ. ಎತ್ತಿನ ಸ್ಥಾನದಲ್ಲಿರುವುದು ಎಡಗೈ. ವಾದ್ಯವು ಮುಂಭಾರವಾದರೆ ತಲೆ ನೆಲದ ಕಡೆಗೆ ವಾಲುತ್ತದೆ. ಅದನ್ನು ತಡೆಯಲು ಎಡಗೈ ಹೆಬ್ಬೆರಳು ದಂಡಿಯನ್ನು ಹೊರಬೇಕಾಗುತ್ತದೆ. ತಂತಿಯನ್ನು ಒತ್ತಿ, ಜಾರಿಸಿ, ಮೆಟ್ಟಿನಿಂದ ಮೆಟ್ಟಿಗೆ ನೆಗೆಯಬೇಕಾದ ಕೈ ಹಮಾಲಿಯ ಕೆಲಸಕ್ಕೆ ನಿಲ್ಲುತ್ತದೆ. ಹುಡುಗಿಯ ಹಿಡಿತ ಬಿಗಿಯಾದದ್ದು ನಿಜ. ಆದರೆ ಬಿಗಿಹಿಡಿಯದಿದ್ದರೆ ವಾದ್ಯ ಕೆಳಗೆ ಬೀಳುತ್ತಿತ್ತು.

ವಸ್ತುವಿನ ಭಾರವೆಲ್ಲ ಒಂದೇ ಬಿಂದುವಿನಲ್ಲಿ ನೆಲೆಸಿದಂತೆ ವರ್ತಿಸುವ ಸ್ಥಳವನ್ನು ಗುರುತ್ವ ಕೇಂದ್ರವೆನ್ನುತ್ತೇವೆ. ಅದನ್ನು ಕಂಡುಹಿಡಿಯುವ ಸುಲಭೋಪಾಯವನ್ನು ನಾನು ತರಗತಿಯಲ್ಲಿ ಕೊಡಲಿಯಿಂದ ತೋರಿಸುತ್ತಿದ್ದೆ. ಎರಡು ತೋರುಬೆರಳುಗಳನ್ನು ಕಾವಿನ ಕೆಳಗೆ ದೂರದೂರ ಇಟ್ಟು ಮೆಲ್ಲನೆ ಹತ್ತಿರಕ್ಕೆ ತಂದರೆ, ಬೆರಳುಗಳು ಕೂಡುವ ಸ್ಥಳವೇ ಗುರುತ್ವ ಕೇಂದ್ರ. ಕೊಡಲಿಯಲ್ಲಿ ಅದು ಕಬ್ಬಿಣಕ್ಕೆ ತೀರ ಸಮೀಪದಲ್ಲಿರುತ್ತದೆ. ಬಳಿಕ ನನ್ನ ಪ್ರಶ್ನೆ: “ಈ ಸ್ಥಳದಲ್ಲಿಯೇ ಗರಗಸದಿಂದ ಕೊಯ್ದರೆ ಎರಡು ತುಂಡುಗಳ ತೂಕ ಸಮವೋ?” ಪ್ರತಿವರ್ಷವೂ ತರಗತಿಯ ಬಹುಪಾಲು “ಸಮ” ಎಂದೇ ಕೂಗುತ್ತಿತ್ತು. ಸಮವಲ್ಲ, ಕಬ್ಬಿಣವಿರುವ ತುಂಡೇ ಹೆಚ್ಚು ತೂಕದ್ದು. ಕಾವಿನ ತುಂಡು ತೂಕದಲ್ಲಿ ಕಡಿಮೆಯಾದರೂ ಬೆರಳಿನಿಂದ ದೂರಕ್ಕೆ ಚಾಚಿಕೊಂಡಿರುವುದರಿಂದ ಸರಿದೂಗುತ್ತದೆ. ಸಮವಾಗಬೇಕಾದದ್ದು ತೂಕವಲ್ಲ, ತೂಕವನ್ನು ಆನಿಕೆಯಿಂದ ಅದಕ್ಕಿರುವ ದೂರದಿಂದ ಗುಣಿಸಿದ ಫಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ಪಂಡಿತ ಆರ್ಕಿಮಿಡಿಸ್ ಸಿದ್ಧಪಡಿಸಿ ತೋರಿಸಿದ ನಿಯಮವಿದು. ಈ ಗುಣಲಬ್ಧವನ್ನು ಇಲ್ಲಿ ‘ತಿರುಗಿಸುವ ಪ್ರಭಾವ’ ಎಂದು ಕರೆಯೋಣ.

ಕಾರ್ಬನ್ ಫೈಬರ್ ಎಂದರೇನು? ಇಂಗಾಲದ ಅತಿ ಸಣ್ಣ ಎಳೆಗಳು. ಒಂದು ಎಳೆ ನಮ್ಮ ತಲೆಗೂದಲಿನ ಹತ್ತನೆಯ ಒಂದು ಪಾಲಿನಷ್ಟು ಸಪೂರ. ಇವನ್ನು ಬಟ್ಟೆಯಂತೆ ನೇಯ್ದು, ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ, ಅಚ್ಚಿನಲ್ಲಿಟ್ಟು ಕಾಯಿಸಿ ಗಟ್ಟಿಮಾಡುತ್ತಾರೆ. ನೇಕಾರಿಕೆ ಬಲ್ಲ ಸೊಲ್ಲಾಪುರದ ಬಂಧುಗಳಿಗೆ ಹಾಸು ಹೊಕ್ಕುಗಳ ಈ ವಿಷಯ ಅಪರಿಚಿತವೆನಿಸದು. ವಿಮಾನಕ್ಕೂ ಓಟದ ಮೋಟಾರಿಗೂ ಬಳಸುತ್ತಿದ್ದ ಈ ಪದಾರ್ಥ ವಾದ್ಯಕ್ಕೆ ಬಂದ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕೆಯಲ್ಲಿ ಹೆಲಿಕಾಪ್ಟರುಗಳನ್ನು ತಯಾರಿಸುತ್ತಿದ್ದ ಚಾರ್ಲ್ಸ್ ಕಾಮನ್ ಎಂಬವರು ಸ್ವತಃ ಗಿಟಾರ್ ವಾದಕರು. ಯಂತ್ರದ ಕಂಪನವನ್ನು ಅಡಗಿಸುವ ವಿದ್ಯೆಯನ್ನು ಬಲ್ಲ ಅವರು ಕಂಪನವನ್ನು ಬೆಳೆಸುವ ವಿದ್ಯೆಗೆ ಕೈಹಾಕಿ, 1960ರ ದಶಕದಲ್ಲಿ ಓವೇಶನ್ ಎಂಬ ಗಿಟಾರನ್ನೂ, 1976ರಲ್ಲಿ ಕಾರ್ಬನ್ ಎಳೆಗಳ ಮೇಲ್ಹಲಗೆಯುಳ್ಳ ಆಡಮಾಸ್ ಎಂಬ ಗಿಟಾರನ್ನೂ ಹೊರತಂದರು. 1990ರ ದಶಕದಲ್ಲಿ ಹವಾಯಿ ದ್ವೀಪದಲ್ಲಿ ನೆಲೆಸಿದ್ದ ಭೌತವಿಜ್ಞಾನಿ ಜಾನ್ ಡೆಕರ್ ಅವರು, ಅಲ್ಲಿಯ ತೇವದ ಹವೆಗೆ ಕೆಡದಂತೆ ಇಡೀ ವಾದ್ಯವನ್ನೇ ಕಾರ್ಬನ್ನಿನಿಂದ ಮಾಡಿ, ಮಳೆಯ ಹೆಸರನ್ನೇ ಹೊತ್ತ ರೇನ್‌ಸಾಂಗ್ ಎಂಬ ಹೆಸರಿನಿಂದ ಮಾರಿದರು. ಅನಂತರ ಐರ್ಲೆಂಡಿನ ಡೊನೆಗಾಲ್ ಮೊದಲಾದ ಕಡೆಗಳಲ್ಲಿಯೂ ಇಂತಹ ವಾದ್ಯಗಳು ತಯಾರಾಗತೊಡಗಿದವು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಕಾರ್ಬನ್ ಫೈಬರ್ ಮರಕ್ಕಿಂತ ಹಗುರವಾದ ಪದಾರ್ಥವೆಂದು ಜನರು ಭಾವಿಸುತ್ತಾರೆ. ವಾಸ್ತವವಾಗಿ ಅಂಟಿನೊಡನೆ ಗಟ್ಟಿಯಾದ ಕಾರ್ಬನ್ ಹಲಗೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 1.5ರಿಂದ 1.6 ಗ್ರಾಂ. ಗಿಟಾರಿನ ಮೇಲ್ಹಲಗೆಗೆ ಬಳಸುವ ಸ್ಪ್ರೂಸ್ ಮರದ್ದು ಸುಮಾರು 0.4 ಗ್ರಾಂ ಮಾತ್ರ. ಸಮ ಗಾತ್ರದ ತುಂಡುಗಳನ್ನು ತೂಗಿದರೆ ಕಾರ್ಬನ್ನೇ ನಾಲ್ಕು ಪಟ್ಟು ತೂಕದ್ದು! ಹಾಗಾದರೆ ವಾದ್ಯ ಹಗುರಾದದ್ದು ಹೇಗೆ? ಕಾರ್ಬನ್ ಬಹಳ ಬಿರುಸು. ಆದುದರಿಂದ ಅದನ್ನು ಬಹಳ ತೆಳ್ಳಗೆ ಮಾಡಬಹುದು. ಮರದ ಒಡಲಿನೊಳಗೆ ಅಡ್ಡಪಟ್ಟಿಗಳನ್ನು ಅಂಟಿಸಬೇಕು. ಕಾರ್ಬನ್ ಒಡಲಿನಲ್ಲಿ ಅವುಗಳನ್ನು ಬಹುಮಟ್ಟಿಗೆ ಬಿಟ್ಟುಬಿಡಬಹುದು. ಅಂದರೆ ತೂಕ ಉಳಿಯುವುದು ಎಲ್ಲಿ ತೆಳ್ಳಗೆ ಮಾಡಲು ಸಾಧ್ಯವೋ ಅಲ್ಲಿ, ಮುಖ್ಯವಾಗಿ ವಿಶಾಲವಾದ ಒಡಲಿನಲ್ಲಿ. ದಂಡಿ ಹಾಗಲ್ಲ. ಅಂಗೈಗೆ ತುಂಬುವಷ್ಟು ದಪ್ಪ ಅದಕ್ಕೆ ಬೇಕೇಬೇಕು. ಅದನ್ನು ಪೊಳ್ಳಾಗಿ ಮಾಡಿದರೆ ಹಗುರಾದೀತು. ಗಟ್ಟಿಯಾಗಿ ತುಂಬಿದರೆ ಮರದ ದಂಡಿಗಿಂತಲೂ ಭಾರವಾದೀತು. ಮೆಟ್ಟುಗಳು ಲೋಹದವೇ. ತಲೆಯ ಮೇಲಿನ ಬಿರಡೆಗಳು ಒಡಲು ಯಾವುದರದ್ದೇ ಆಗಿರಲಿ, ಅದೇ ಲೋಹ, ಅದೇ ತೂಕ.

ಈಗ ಲೆಕ್ಕ. ಪಾಟಿ ಇಲ್ಲದವರು ಈ ಪುಟದ ಅಂಚಿನಲ್ಲಿಯೇ ಮಾಡಬಹುದು. ಅನುಕೂಲಕ್ಕಾಗಿ ದುಂಡು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಇವು ಯಾವುದೇ ಒಂದು ವಾದ್ಯದ ಅಳತೆಗಳಲ್ಲ, ಆದರೆ ನಿಜವಾದ ವಾದ್ಯಗಳಿಗೆ ದೂರವಾದವೂ ಅಲ್ಲ. ಎಲ್ಲ ದೂರಗಳನ್ನೂ ವಾದ್ಯದ ಬುಡದಿಂದ ಅಳೆಯೋಣ. ಒಡಲಿನ ಉದ್ದ 50 ಸೆಂಟಿಮೀಟರ್. ಅದರ ಭಾರದ ಕೇಂದ್ರ 22ರಲ್ಲಿ. ತೊಡೆಯ ಆನಿಕೆ 30ರಲ್ಲಿ. ದಂಡಿಯ ಭಾರದ ಕೇಂದ್ರ 70ರಲ್ಲಿ, ಬಿರಡೆಗಳದ್ದು 95ರಲ್ಲಿ. ಹೀಗಾಗಿ ಆನಿಕೆಯಿಂದ ಒಡಲು ಹಿಂದಕ್ಕೆ 8, ದಂಡಿ ಮುಂದಕ್ಕೆ 40, ಬಿರಡೆಗಳು ಮುಂದಕ್ಕೆ 65 ಸೆಂಟಿಮೀಟರ್ ದೂರದಲ್ಲಿರುತ್ತವೆ. ದಂಡಿಯನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದಿದ್ದೇವೆಂದು ಭಾವಿಸೋಣ.

ಮರದ ವಾದ್ಯದಲ್ಲಿ ಒಡಲು 1400 ಗ್ರಾಂ, ದಂಡಿ 400, ಬಿರಡೆಗಳು 250. ಒಟ್ಟು 2050 ಗ್ರಾಂ. ಮುಂದಿನ ಪ್ರಭಾವ: 400ನ್ನು 40ರಿಂದ ಗುಣಿಸಿದರೆ 16,000, 250ನ್ನು 65ರಿಂದ ಗುಣಿಸಿದರೆ 16,250, ಕೂಡಿ 32,250. ಹಿಂದಿನದು: 1400ನ್ನು 8ರಿಂದ ಗುಣಿಸಿದರೆ 11,200. ಉಳಿಯುವ ಮುಂಭಾರ 21,050. ಅಂದರೆ ಮರದ ಗಿಟಾರೂ ಬರಿಯ ತೊಡೆಯ ಮೇಲೆ ತಾನಾಗಿ ನಿಲ್ಲದು. ಅದನ್ನು ನಿಲ್ಲಿಸುವುದು ಒಡಲಿನ ಮೇಲೆ ಒರಗಿದ ಬಲಗೈಯ ಭಾರ. ಬಲ ಮುಂಗೈ ಆನಿಕೆಯಿಂದ 20 ಸೆಂಟಿಮೀಟರ್ ಹಿಂದೆ ಒರಗುತ್ತದೆಂದರೆ, ಅಲ್ಲಿ 21,050ನ್ನು 20ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 1050 ಗ್ರಾಂ ಒತ್ತಡ ಬೇಕು. ವಯಸ್ಕರ ತೋಳು ಯಾವ ಶ್ರಮವೂ ಇಲ್ಲದೆ ಇಷ್ಟನ್ನು ಕೊಡುತ್ತದೆ.

ಕಾರ್ಬನ್ ವಾದ್ಯದಲ್ಲಿ ಒಡಲು 900 ಗ್ರಾಂ ಎನ್ನೋಣ. ದಂಡಿ ಬಿರಡೆಗಳು ಮೊದಲಿನಷ್ಟೇ. ಒಟ್ಟು 1550, ಅರ್ಧ ಕಿಲೋ ಇಳಿಯಿತು. ಹಿಂದಿನ ಪ್ರಭಾವ 900ನ್ನು 8ರಿಂದ ಗುಣಿಸಿದರೆ 7,200 ಮಾತ್ರ. ಮುಂಭಾರ 25,050ಕ್ಕೆ ಏರಿತು. ಬಲಗೈಯಿಂದ ಬೇಕಾದ ಒತ್ತಡ ಸುಮಾರು 1250 ಗ್ರಾಂ. ವಾದ್ಯ 500 ಗ್ರಾಂ ಹಗುರಾಯಿತು, ಕೈಯ ಮೇಲಿನ ಭಾರ 200 ಗ್ರಾಂ ಹೆಚ್ಚಿತು! ಗುರುತ್ವ ಕೇಂದ್ರವು ಬುಡದಿಂದ 40 ಸೆಂಟಿಮೀಟರಿನಲ್ಲಿದ್ದುದು 46ಕ್ಕೆ, ದಂಡಿಯ ಕಡೆಗೆ ಸರಿಯಿತು. ಒಡಲಿನ ಹಿಂಭಾಗದ ತೂಕವೇ ಇದುವರೆಗೆ ದಂಡಿಯನ್ನು ಎತ್ತಿಹಿಡಿದಿತ್ತು. ಅದನ್ನು ತೆಗೆದುಹಾಕಿದ ಮೇಲೆ ಹಿಡಿಯುವವರಾರು?

ಈ ಲೆಕ್ಕದಲ್ಲಿ ಮಕ್ಕಳ ವಿಷಯವನ್ನು ಬೇರೆಯಾಗಿ ನೋಡಬೇಕು. ಮನುಷ್ಯನ ಮುಂಗೈ ಹಸ್ತಗಳೆರಡೂ ಕೂಡಿ ಅವನ ದೇಹತೂಕದ ಶೇಕಡಾ 2ಕ್ಕೆ ತುಸು ಹೆಚ್ಚು. 70 ಕಿಲೋದ ವಯಸ್ಕನಿಗೆ ಅದು ಒಂದೂವರೆ ಕಿಲೋ. 40 ಕಿಲೋದ ಬಾಲಕಿಗೆ 900 ಗ್ರಾಂ. ಮೇಲುತೋಳಿನ ಭಾರ ಸ್ವಲ್ಪ ಸೇರಬಹುದಾದರೂ, ಬಲಗೈ ಕೇವಲ ಒರಗಿಕೊಂಡಿರಲಾರದು, ತಂತಿಯನ್ನು ಮೀಟಬೇಕು. ಹೀಗಾಗಿ ದೊಡ್ಡವರ ಕೈಯಲ್ಲಿ ತೋರದ ದೋಷ ಮಗುವಿನ ಕೈಯಲ್ಲಿ ತೋರುತ್ತದೆ. ಬಲಗೈ ಕೊಡಲಾರದುದನ್ನು ಎಡಗೈ ಕೊಡಬೇಕು. ಬಲಗೈಯನ್ನು ಪೂರ್ತಿ ಎತ್ತಿಬಿಟ್ಟರೆ, ಮೊದಲನೆಯ ಮೆಟ್ಟಿನ ಬಳಿ ಹಿಡಿದ ಎಡಗೈ ಹೊರಬೇಕಾದದ್ದು ಸುಮಾರು 470 ಗ್ರಾಂ. ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆಯ ಪೊಟ್ಟಣ ದೊಡ್ಡದೆನಿಸದು; ಅದನ್ನು ಹೆಬ್ಬೆರಳಿನ ಬುಡದಲ್ಲಿಟ್ಟುಕೊಂಡು ಉಳಿದ ನಾಲ್ಕು ಬೆರಳುಗಳಿಂದ ಮುಕ್ಕಾಲು ಗಂಟೆ ಬರೆದು ನೋಡಿರಿ. ನುಡಿಸಲು ಕಲಿಸುವವರು ಕೈಯನ್ನು ಬೈಯುವ ಮೊದಲು ವಾದ್ಯವನ್ನು ತೂಗಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ನಿಂತು ನುಡಿಸುವವರು ಪಟ್ಟಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಪಟ್ಟಿಯ ಒಂದು ತುದಿ ಬುಡದ ಗುಂಡಿಗೆ, ಇನ್ನೊಂದು ಸಾಮಾನ್ಯವಾಗಿ ಒಡಲೂ ದಂಡಿಯೂ ಕೂಡುವ ಸಂದಿನ ಗುಂಡಿಗೆ, ಎಂದರೆ 50 ಸೆಂಟಿಮೀಟರಿಗೆ. ನಮ್ಮ ಕಾರ್ಬನ್ ವಾದ್ಯದ ಗುರುತ್ವ ಕೇಂದ್ರವಿರುವುದು 46ರಲ್ಲಿ. ಎರಡೂ ತುದಿಗಳು ನೇರವಾಗಿ ಮೇಲಕ್ಕೆ ಎತ್ತುತ್ತವೆಂದು ಎಣಿಸಿದರೆ, ಸಂದಿನ ಗುಂಡಿಯೇ 1430 ಗ್ರಾಂ ಹೊರುತ್ತದೆ. ಬುಡದ ಗುಂಡಿಗೆ ಬೀಳುವುದು ಬರಿಯ 120 ಗ್ರಾಂ. ಮರದ ವಾದ್ಯದಲ್ಲಿ ಬುಡಕ್ಕೆ 400 ಗ್ರಾಂ ಬೀಳುತ್ತಿತ್ತು. ಬುಡದ ಕಡೆ ಎಳೆತವಿಲ್ಲದ ಪಟ್ಟಿ ಅಂಗಿಯ ಮೇಲೆ ಜಾರಿ, ತಲೆ ಕೆಳಗಿಳಿಯುತ್ತದೆ. ಅದೇ ಪಟ್ಟಿಯ ಮುಂದಿನ ತುದಿಯನ್ನು ದಂಡಿಯ ತುದಿಯಲ್ಲಿ, ತಲೆ ಆರಂಭವಾಗುವ ಕಡೆ, 87 ಸೆಂಟಿಮೀಟರಿಗೆ ದಾರದಿಂದ ಕಟ್ಟಿದರೆ ಮುಂದೆ 820, ಹಿಂದೆ 730 ಗ್ರಾಂ, ಹೆಚ್ಚುಕಡಿಮೆ ಸಮ. ಹಳೆಯ ವಾದಕರು ದಾರ ಕಟ್ಟುತ್ತಿದ್ದುದು ಇಲ್ಲಿಯೇ. ನೋಡಲು ಅಷ್ಟು ಚೆನ್ನಾಗಿಲ್ಲವೆಂದು ಈಗಿನವರು ಸಂದಿನ ಗುಂಡಿಯನ್ನು ಬಯಸುತ್ತಾರೆ. ಭಾರವಾದ ಒಡಲಿನ ವಾದ್ಯಕ್ಕೆ ಅದು ನಡೆಯುತ್ತದೆ.

ಈ ಸಂದರ್ಭದಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ತಂತಿಗಳ ಎಳೆತ ದಂಡಿಯನ್ನು ಬಗ್ಗಿಸುವುದಿಲ್ಲವೇ?” ಎಂದು ಕೇಳಬೇಕು. ಆರು ಉಕ್ಕಿನ ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ. ಒಬ್ಬ ಮನುಷ್ಯನ ಭಾರ. ಅದು ದಂಡಿಯನ್ನು ಬಾಗಿಸಲು ಯತ್ನಿಸುವುದು ನಿಜ. ಆದರೆ ತಂತಿಯ ಎರಡೂ ತುದಿಗಳು ಅದೇ ವಾದ್ಯಕ್ಕೆ ಕಟ್ಟಲ್ಪಟ್ಟಿರುವುದರಿಂದ ಆ ಎಳೆತ ವಾದ್ಯವನ್ನು ಯಾವ ಕಡೆಗೂ ವಾಲಿಸದು. ಬಂಡಿಯಲ್ಲಿ ಕುಳಿತವನು ಬಂಡಿಯನ್ನು ಎಷ್ಟು ಜಗ್ಗಿದರೂ ಬಂಡಿ ಮುಂದೆ ಹೋಗದಂತೆ ಇದು.

ನಮ್ಮ ಸೀಮೆಯಲ್ಲಿ ತಂತಿವಾದ್ಯದ ಮಾತು ಬಂದರೆ ಮಿರಜ ಬಾರದೆ ಇರುವುದಿಲ್ಲ. ಜತ್ತ ತಾಲೂಕಿನ ಹಳ್ಳಿಗಳಿಂದ ದವಾಖಾನೆಗೆಂದು ಮಿರಜಕ್ಕೆ ಹೋದವರೆಲ್ಲ ಅಲ್ಲಿಯ ಸಿತಾರ ತಂಬೂರಿಗಳ ಅಂಗಡಿಗಳ ಸಾಲನ್ನು ಕಂಡಿರುತ್ತಾರೆ. ಆಯುಧಗಳನ್ನು ಮಸೆದು ಹೊಳಪು ಕೊಡುತ್ತಿದ್ದ ಶಿಕಲಗಾರ ಮನೆತನದ ಫರೀದ್ ಸಾಹೇಬರಿಂದ 19ನೆಯ ಶತಮಾನದಲ್ಲಿ ಆರಂಭವಾದ ಈ ಕಸುಬಿಗೆ 2024ರಲ್ಲಿ ಭೌಗೋಲಿಕ ಸೂಚಕದ ಮನ್ನಣೆ ದೊರೆಯಿತು. ಅದಕ್ಕೆ ಬೇಕಾದ ದೊಡ್ಡ ಸೋರೆ ಬುರುಡೆಗಳು ಬೆಳೆಯುವುದು ಪಂಢರಪುರ, ಮಂಗಳವೇಢೆಗಳ ಸುತ್ತಿನ ಭೀಮಾತೀರದಲ್ಲಿ. ಬಸವಣ್ಣನವರು ಕರಣಿಕರಾಗಿದ್ದರೆಂದು ನಾವು ಓದಿರುವ ಅದೇ ಮಂಗಳವಾಡ. ಈ ವಾದ್ಯಗಳ ದಂಡಿ ಗಿಟಾರಿನದಕ್ಕಿಂತ ಉದ್ದ ಮತ್ತು ಅಗಲ. ಅಂಥದರಲ್ಲಿ ನಮ್ಮ ವಾದಕರ ಎಡಗೈ ದಂಡಿಯನ್ನು ಹೊರುವುದಿಲ್ಲವೇಕೆ?

ತಂಬೂರಿಯನ್ನು ನೆಟ್ಟಗೆ ನಿಲ್ಲಿಸುತ್ತೇವೆ. ತೂಕವೆಲ್ಲ ಬುರುಡೆಯ ಮೂಲಕ ಕೆಳಕ್ಕಿಳಿಯುವುದರಿಂದ ದಂಡಿಯ ಉದ್ದಕ್ಕೆ ಅಡ್ಡದೂರವೇ ಇಲ್ಲ. ವೀಣೆಯನ್ನು ಅಡ್ಡಲಾಗಿಯೇ ಹಿಡಿಯುತ್ತಾರೆ. ಆದರೆ ಅದರ ಕೊಡ ನೆಲದ ಮೇಲೆ, ಎಡತುದಿಯ ಬುರುಡೆ ಎಡತೊಡೆಯ ಮೇಲೆ. ಎರಡು ಆನಿಕೆಗಳ ನಡುವೆ ಗುರುತ್ವ ಕೇಂದ್ರ ಬಿದ್ದಿತೆಂದರೆ ಮುಂಭಾರದ ಮಾತೇ ಹುಟ್ಟದು. ಸಿತಾರದ ಉಪಾಯ ಇನ್ನೂ ಸೂಕ್ಷ್ಮ. ಬುರುಡೆ ಎಡಪಾದದ ಆಸರೆಯಲ್ಲಿ ಕೂಡುತ್ತದೆ, ದಂಡಿ ಓರೆಯಾಗಿ ಮೇಲಕ್ಕೇಳುತ್ತದೆ, ಬಲ ಮುಂಗೈ ಬುರುಡೆಯನ್ನು ಒತ್ತಿ ಹಿಡಿಯುತ್ತದೆ. ಸಿತಾರ ಕಲಿಸುವವರು ಸ್ವರಕ್ಕಿಂತ ಮೊದಲು ಕೂಡುವ ಭಂಗಿಯನ್ನು ಕಲಿಸುತ್ತಾರೆ. ಎಡಗೈಯನ್ನು ಬಿಡಿಸಿ ವಾದ್ಯ ಅಲುಗದೆ ನಿಲ್ಲುವುದೇ ಎಂದು ನೋಡುತ್ತಾರೆ. ಎಡಗೈ ಮೀಂಡಿಗೆ ಮೀಸಲು, ಹೊರುವುದಕ್ಕಲ್ಲ. ಇದರ ಜೊತೆಗೆ ಮಿರಜದ ಕುಶಲಕರ್ಮಿಯ ಬಿರಡೆ ಮರದ್ದು. ತುದಿಯಲ್ಲಿ ಲೋಹದ ಯಂತ್ರವನ್ನು ತೂಗುಹಾಕುವ ಅವಾಂತರ ಅವನಿಗಿಲ್ಲ. ಸ್ಪೇನ್ ದೇಶದ ಹಳೆಯ ಫ್ಲಮೆಂಕೊ ಗಿಟಾರುಗಳಿಗೂ ಮರದ ಬಿರಡೆಗಳಿದ್ದವು. ಅವುಗಳ ಒಡಲೂ ಹಗುರ, ತಲೆಯೂ ಹಗುರ.

ಪಾಶ್ಚಾತ್ಯರಲ್ಲಿ ಈ ಸಮಸ್ಯೆಯನ್ನು ಬುಡಸಹಿತ ಕಿತ್ತವರು ನೆಡ್ ಸ್ಟೈನ್‌ಬರ್ಗರ್. ಪೀಠೋಪಕರಣಗಳ ವಿನ್ಯಾಸಕಾರರಾಗಿದ್ದ ಇವರು 1970ರ ದಶಕದ ಕೊನೆಯಲ್ಲಿ ವಿದ್ಯುತ್ ಬಾಸ್ ಗಿಟಾರಿನ ತಲೆ ವಾಲುವುದನ್ನು ಕಂಡು ತಲೆಯನ್ನೇ ತೆಗೆದುಹಾಕಿದರು. ಬಿರಡೆಗಳನ್ನು ಒಡಲಿನ ಬುಡಕ್ಕೆ ತಂದರು. ಕಾರ್ಬನ್ ಎಳೆಗಳ ಬಿರುಸನ್ನು ದಂಡಿಗೆ ಬಳಸಿಕೊಂಡರು. ಮುಂಭಾರವಾಗಿದ್ದುದೇ ಹಿಂಭಾರವಾಯಿತು. ತಲೆಯಿಲ್ಲದ ಗಿಟಾರ್ ನೋಡಲು ವಿಚಿತ್ರವೆನಿಸಿದರೂ ಸನ್ನೆಯ ನಿಯಮಕ್ಕೆ ಇಷ್ಟು ನಿಷ್ಠವಾದ ವಾದ್ಯ ಅಪರೂಪ.

ನಮ್ಮ ಹುಡುಗಿಯ ವಾದ್ಯದ ತಲೆಯನ್ನು ಕತ್ತರಿಸುವಂತಿರಲಿಲ್ಲ. ಕೆಲವರು ಬುಡದೊಳಗೆ ಸೀಸದ ತುಂಡನ್ನು ಅಂಟಿಸುವ ಸಲಹೆ ಕೊಡುತ್ತಾರೆ. ಅದಕ್ಕೂ ಲೆಕ್ಕ ಹಾಕಿ ನೋಡೋಣ. ತಲೆಯಲ್ಲಿ 100 ಗ್ರಾಂ ಇಳಿಸಿದರೆ 65 ಸೆಂಟಿಮೀಟರ್ ದೂರದಿಂದಾಗಿ 6,500ರಷ್ಟು ಪ್ರಭಾವ ಕಡಿಮೆಯಾಗುತ್ತದೆ. ಅದೇ ಫಲವನ್ನು ಬುಡದ ಬಳಿ, ಆನಿಕೆಯಿಂದ 28 ಸೆಂಟಿಮೀಟರಿನಲ್ಲಿ ತೂಕ ಸೇರಿಸಿ ಪಡೆಯಬೇಕಾದರೆ 232 ಗ್ರಾಂ ಬೇಕು. ಹಗುರವಾಗಲೆಂದು ಹಣ ಕೊಟ್ಟು, ಮತ್ತೆ ಪಾವು ಕಿಲೋ ಸೀಸ ತುಂಬುವುದು ಶಹಾಣೆತನವಲ್ಲ. ನಾದಕ್ಕೂ ಅದು ಹಿತವಲ್ಲ. ಇಳಿಸುವುದಾದರೆ ತುದಿಯಲ್ಲಿ ಇಳಿಸಬೇಕು. ಒಡಲಿನಲ್ಲಿ 500 ಗ್ರಾಂ ಇಳಿಸಿದ ತಯಾರಕರು ದಂಡಿಯಲ್ಲಿ 100 ಗ್ರಾಂ ಇಳಿಸಿದ್ದರೂ ಸಾಕಿತ್ತು, ಮರದ ವಾದ್ಯದ ಸಮತೋಲವೇ ಉಳಿಯುತ್ತಿತ್ತು. ಗುಣಿಸಿ ನೋಡಿರಿ, ಎರಡೂ 4,000. ದಂಡಿಯನ್ನು ಪೊಳ್ಳಾಗಿ ಮಾಡಿದ ಒಳ್ಳೆಯ ಕಾರ್ಬನ್ ವಾದ್ಯಗಳಲ್ಲಿ ಈ ದೋಷವೇ ಕಾಣದಿರುವುದೂ ಉಂಟು. ಆದುದರಿಂದ ಪದಾರ್ಥವನ್ನು ದೂಷಿಸಲಾಗದು.

ಮುಚ್ಚಿದ ಡಬ್ಬಿಯೊಳಗೆ ಹಲ್ಲುಚಕ್ರವಿರುವ ಎರಕದ ಬಿರಡೆಗಳು ಭಾರ. ತೆರೆದ ಹಲ್ಲುಚಕ್ರದವು ಹಗುರ. ಹಿಡಿಕೆ ಲೋಹದ ಬದಲು ಪ್ಲಾಸ್ಟಿಕ್ಕಿನದೋ ಮರದ್ದೋ ಆದರೆ ಇನ್ನಷ್ಟು ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ 250ರ ಬದಲು 150 ಗ್ರಾಮಿನ ಬಿರಡೆಗಳನ್ನು ಹಾಕಿದರೆ ಬಲಗೈಯಿಂದ ಬೇಕಾಗುವುದು 930 ಗ್ರಾಂ, ಮರದ ವಾದ್ಯಕ್ಕಿಂತಲೂ ಕಡಿಮೆ. ಹುಡುಗಿಯ ತಂದೆ ಅಡುಗೆಮನೆಯ ತಕ್ಕಡಿಯಲ್ಲಿ ಬಿರಡೆಗಳನ್ನು ಒಂದೊಂದಾಗಿ ತೂಗಿ, ಹಗುರಾದವನ್ನು ಹುಡುಕಿ ತರಿಸಿದರು. ಪಟ್ಟಿಯನ್ನು ತಲೆಯ ಬಳಿ ಕಟ್ಟಿ, ನುಣುಪಾದ ನೈಲಾನ್ ಬದಲು ಒರಟು ತೊಗಲಿನ ಪಟ್ಟಿ ಹಾಕಿದರು. ಕುಳಿತಾಗ ಎಡಗಾಲಿನ ಕೆಳಗೆ ಒಂದು ಮಣೆಯನ್ನಿಟ್ಟು, ವಾದ್ಯವನ್ನು ಎಡತೊಡೆಯ ಮೇಲೆ ಕೂರಿಸಿ, ದಂಡಿಯನ್ನು ಓರೆಯಾಗಿ ಎತ್ತುವುದನ್ನು ಹುಡುಗಿ ಅಭ್ಯಾಸ ಮಾಡಿದಳು. ದಂಡಿಯನ್ನು 45 ಅಂಶ ಎತ್ತಿದರೆ ಅಡ್ಡದೂರವು ಹತ್ತಕ್ಕೆ ಏಳರಷ್ಟಾಗಿ, ಮುಂಭಾರವೂ ಅಷ್ಟೇ ಇಳಿಯುತ್ತದೆ. ಒಡಲಿನ ಕೆಳಭಾಗಕ್ಕೆ ಬಲತೊಡೆಯ ಆಸರೆಯೂ ದೊರೆಯುತ್ತದೆ. ಮೂರು ವಾರ ನುಡಿಸುವುದನ್ನು ನಿಲ್ಲಿಸಿ ಕೈಗೆ ವಿಶ್ರಾಂತಿ ಕೊಟ್ಟದ್ದೂ, ಡಾಕ್ಟರರಿಗೆ ತೋರಿಸಿದ್ದೂ ಒಳ್ಳೆಯದಾಯಿತು. ಸಂಕ್ರಾಂತಿಯ ಹೊತ್ತಿಗೆ ಹೆಬ್ಬೆರಳಿನ ನೋವು ನಿಂತಿತೆಂದೂ, ದಿನಕ್ಕೆ ಅರ್ಧ ಗಂಟೆ ನುಡಿಸುತ್ತಿರುವಳೆಂದೂ ಪತ್ರ ಬಂದಿತು. ಕಲಿಸುವವರು ಏನೆಂದರೆಂಬುದನ್ನು ಅವರು ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಮಕ್ಕಳಿಗೆ ಇಂತಹ ವಾದ್ಯವನ್ನು ಕೊಳ್ಳಬೇಕೆನ್ನುವ ಪಾಲಕರು ಅಂಗಡಿಯಲ್ಲಿ ಒಟ್ಟು ತೂಕವನ್ನು ಕೇಳಿ ತೃಪ್ತರಾಗಬಾರದು. ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ವಾದ್ಯವನ್ನು ತೊಡೆಗೇರಿಸಿ, ಬಲಗೈಯನ್ನು ನುಡಿಸುವ ರೀತಿಯಲ್ಲಿ ಒರಗಿಸಿ, ಎಡಗೈಯನ್ನು ಪೂರ್ತಿ ಬಿಡಿಸಿರಿ. ತಲೆ ವಾಲಿದರೆ ಬೇರೆ ವಾದ್ಯವನ್ನು ನೋಡಿರಿ. ಬಳಿಕ ದಂಡಿಯ ಕೆಳಗೆ ಒಂದೇ ಬೆರಳನ್ನಿಟ್ಟು ಒಡಲಿನ ಕಡೆಗೆ ಸರಿಸುತ್ತ ಹೋಗಿ ವಾದ್ಯ ಸಮವಾಗಿ ನಿಲ್ಲುವ ಸ್ಥಳವನ್ನು ಗುರುತಿಸಿರಿ. ಅದು ಒಡಲಿನೊಳಗೆ ಎಷ್ಟು ದೂರ ಬಿದ್ದರೆ ಅಷ್ಟು ಲೇಸು, ಒಡಲೂ ದಂಡಿಯೂ ಕೂಡುವ ಸಂದಿಗೆ ಬಂದರೆ ಸಂಶಯಪಡಬೇಕು. ಮನೆಯಲ್ಲಿರುವ ವಾದ್ಯದ ಬಿರಡೆಗಳನ್ನು ಬದಲಿಸುವವರಿಗೆ ಒಂದು ಎಚ್ಚರಿಕೆ: ಹಳೆಯ ರಂಧ್ರಗಳಿಗೇ ಸರಿಹೋಗುವ ಬಿರಡೆಗಳನ್ನು ಆರಿಸಬೇಕು. ಕಾರ್ಬನ್ನಿನಲ್ಲಿ ಹೊಸ ರಂಧ್ರ ಕೊರೆದರೆ ಅಂಚು ಸೀಳುತ್ತದೆ, ಮರದ ತಿರುಪು ಅದರಲ್ಲಿ ಕಚ್ಚುವುದಿಲ್ಲ, ಏಳುವ ನುಣುಪಾದ ಧೂಳು ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು. ಕೊರೆಯಲೇಬೇಕಾದರೆ ಕಸುಬು ಬಲ್ಲವರ ಕೈಯಲ್ಲಿ, ಸಣ್ಣ ಧೂಳನ್ನು ತಡೆಯುವ ಮುಖವಾಡವನ್ನೂ ಕಣ್ಣಿಗೆ ರಕ್ಷಣೆಯನ್ನೂ ಹಾಕಿಕೊಂಡು, ಮಕ್ಕಳಿಂದ ದೂರದಲ್ಲಿ ಮಾಡಿಸತಕ್ಕದ್ದು.